ಕರ್ಣವೇಧ, ಮೂಗುತಿ, ಹಚ್ಚೆ: ಮೂರು ಆಚಾರಗಳ ಚರಿತ್ರವಿಚಾರ

ಕಳೆದ ವರ್ಷ ಒಂದು ವಿದ್ಯಾಶಾಲೆಯಲ್ಲಿ ನಡೆದ ಅಲ್ಪವಾದೊಂದು ವ್ಯವಹಾರವು ಈ ಲೇಖನಕ್ಕೆ ನಿಮಿತ್ತವಾಯಿತು. ಅಲ್ಲಿಯ ವಿದ್ಯಾರ್ಥಿಯೊಬ್ಬನು ಕಿವಿಯ ಮೇಲಂಚಿನಲ್ಲಿ ಎರಡು ಕಡಕುಗಳನ್ನೂ ಮುಂಗೈಯಲ್ಲಿ ಹೊಸದಾಗಿ ಹಾಕಿಸಿದ ಹಚ್ಚೆಯನ್ನೂ ಧರಿಸಿಕೊಂಡು ತರಗತಿಗೆ ಬಂದನು. ಅದನ್ನು ಕಂಡ ಅಧ್ಯಾಪಕರೊಬ್ಬರು ಇದು ಪರದೇಶದ ಅನುಕರಣವೆಂದೂ ನಮ್ಮ ಆಚಾರಕ್ಕೆ ಹೊರತಾದುದೆಂದೂ ಆಕ್ಷೇಪಿಸಿದರು. ಹುಡುಗನು ಸುಮ್ಮನಿರದೆ, ಕಿವಿ ಚುಚ್ಚುವುದು, ಮೂಗು ಚುಚ್ಚುವುದು, ಹಚ್ಚೆ ಹುಯ್ಯಿಸಿಕೊಳ್ಳುವುದು ಈ ಮೂರೂ ವೇದೋಕ್ತವಾದುವೇ ಎಂದು ಉತ್ತರ ಕೊಟ್ಟನು. ಕಡೆಗೆ ಇಬ್ಬರೂ ಪ್ರಮಾಣವನ್ನು ಕೇಳಲು ನನ್ನ ಬಳಿಗೆ ಬಂದರು. ಪಾಠಶಾಲೆಯಲ್ಲಿ ಓದಿದವನ ಬಳಿ ಪ್ರಮಾಣವು ಪಂಚಪಾತ್ರೆಯ ನೀರಿನಂತೆ ಯಾವಾಗಲೂ ಸಿದ್ಧವಾಗಿರುವುದೆಂದು ಲೋಕದ ನಂಬಿಕೆ. ಗ್ರಂಥಗಳನ್ನು ತೆರೆದು ನೋಡಲಾಗಿ ಇಬ್ಬರ ಮಾತೂ ನಿಲ್ಲುವಂತೆ ಕಾಣಲಿಲ್ಲ. ಕಿವಿಗೆ ಶಾಸ್ತ್ರವುಂಟು; ಮೂಗಿಗೆ ಕೇವಲ ರೂಢಿಯುಂಟು; ಹಚ್ಚೆಗಾದರೋ ಶಾಸ್ತ್ರವೂ ಇಲ್ಲ, ಮಂತ್ರವೂ ಇಲ್ಲ, ಒಂದು ಕನ್ನಡ ಶಬ್ದವು ಮಾತ್ರವುಂಟು. ಆ ಶಬ್ದದ ಸಾಕ್ಷ್ಯವು ಶಾಸ್ತ್ರದ ಸಾಕ್ಷ್ಯಕ್ಕಿಂತ ಕಡಿಮೆಯಾದುದಲ್ಲವೆಂಬುದನ್ನು ತೋರಿಸುವುದೇ ಇಲ್ಲಿನ ಉದ್ದೇಶವು.

ಮೊದಲು ಕಿವಿಯ ವಿಚಾರ. ಕಿವಿಯಲ್ಲಿ ಆಭರಣವನ್ನಿಡುವ ಪದ್ಧತಿಯು ವೇದಕಾಲದಲ್ಲಿಯೇ ಇದ್ದಿತೆಂಬುದರಲ್ಲಿ ಸಂದೇಹವಿಲ್ಲ. ಋಗ್ವೇದದಲ್ಲಿ ‘ಹಿರಣ್ಯಕರ್ಣ’, ‘ಕರ್ಣಶೋಭನ’ ಎಂಬ ಶಬ್ದಗಳು ಇವೆ. ಆದರೆ ಆಭರಣವಿದ್ದಿತೆಂದ ಮಾತ್ರಕ್ಕೆ ಸಂಸ್ಕಾರವಿದ್ದಿತೆಂದು ಹೇಳಲಾಗದು. ಗೌತಮನು ತನ್ನ ಧರ್ಮಸೂತ್ರದಲ್ಲಿ ೪೦ ಸಂಸ್ಕಾರಗಳನ್ನು ಎಣಿಸಿದ್ದಾನೆ. ಗರ್ಭಾಧಾನದಿಂದ ಸೋಮಸಂಸ್ಥೆಗಳವರೆಗೆ ನಡೆಯುವ ಆ ಪಟ್ಟಿಯಲ್ಲಿ ಕರ್ಣವೇಧಕ್ಕೆ ಸ್ಥಾನವಿಲ್ಲ. ಪ್ರಾಚೀನ ಗೃಹ್ಯಸೂತ್ರಗಳ ಮೂಲಭಾಗಗಳೂ ಬಹುಮಟ್ಟಿಗೆ ಮೌನವಾಗಿವೆ. ಬೌಧಾಯನ ಗೃಹ್ಯಶೇಷದಂತಹ ಪರಿಶಿಷ್ಟರೂಪವಾದ ಗ್ರಂಥಗಳಲ್ಲಿಯೂ, ಈಚಿನ ವ್ಯಾಸಸ್ಮೃತಿಯ ೧೬ ಸಂಸ್ಕಾರಗಳ ಗಣನೆಯಲ್ಲಿಯೂ ಅದು ಬರುತ್ತದೆ. ಎಂದರೆ ಮನೆಯ ಆಚಾರವೊಂದು ಕಾಲಕ್ರಮದಲ್ಲಿ ಮೇಲೇರಿ, ಪುರೋಹಿತನ ಪಂಚಾಂಗದೊಳಕ್ಕೆ ಬಂದು ಕುಳಿತಿತು. ಗ್ರಂಥದಿಂದ ಆಚಾರ ಹುಟ್ಟಿತೆಂಬುದೇ ನಾವು ಬಾಲ್ಯದಲ್ಲಿ ಕಲಿತ ಕ್ರಮ. ಇಲ್ಲಿ ಅದು ತಲೆಕೆಳಗಾಗಿದೆ.

ಪ್ರಸಂಗವಶಾತ್ ಇನ್ನೊಂದು ವಿಷಯವನ್ನು ಹೇಳಬೇಕು. ಕಿವಿಯ ಮೇಲೆ ಶಸ್ತ್ರವನ್ನಿಟ್ಟು ಗುರುತು ಮಾಡುವ ಕರ್ಮವು ಅಥರ್ವವೇದದ ಆರನೆಯ ಕಾಂಡದಲ್ಲಿ ಸ್ಪಷ್ಟವಾಗಿಯೇ ಬಂದಿದೆ. ಆದರೆ ಆ ಕಿವಿಗಳು ಮನುಷ್ಯನವಲ್ಲ, ಹಸುಗಳವು. ಪಾಣಿನಿಯೂ ಷಷ್ಠಾಧ್ಯಾಯದ ತೃತೀಯಪಾದದಲ್ಲಿ, ಲಕ್ಷಣವಾಚಕವಾದ ಶಬ್ದದ ಮುಂದೆ ಕರ್ಣಶಬ್ದವು ಬಂದಾಗ ದೀರ್ಘವನ್ನು ವಿಧಿಸಿ, ಸ್ವಸ್ತಿಕ, ಛಿದ್ರ, ಭಿನ್ನ, ಮಣಿ ಮೊದಲಾದುವನ್ನು ಅದಕ್ಕೆ ಅಪವಾದಗಳನ್ನಾಗಿ ಎಣಿಸಿದ್ದಾನೆ. ವೃತ್ತಿಕಾರರು ಇವನ್ನು ದನಗಳ ಒಡೆತನದ ಗುರುತುಗಳೆಂದೇ ವಿವರಿಸುತ್ತಾರೆ. ವ್ಯಾಕರಣಪಾಠದಲ್ಲಿ ಈ ಸೂತ್ರವನ್ನು ಬಾಯಿಪಾಠ ಮಾಡುತ್ತಿದ್ದಾಗ, ಅದರ ಹಿಂದೆ ಒಂದು ದನದ ಹಟ್ಟಿಯೂ ಕಾದ ಕತ್ತಿಯೂ ಇವೆಯೆಂದು ನಮ್ಮಲ್ಲಿ ಯಾರಿಗೂ ತೋರಿರಲಿಲ್ಲ.

ಕರ್ಣವೇಧದ ನಿಜವಾದ ಶಾಸ್ತ್ರವು ಇರುವುದು ಧರ್ಮಗ್ರಂಥಗಳಲ್ಲಿ ಅಲ್ಲ, ವೈದ್ಯಗ್ರಂಥಗಳಲ್ಲಿ. ಸುಶ್ರುತಸಂಹಿತೆಯ ಸೂತ್ರಸ್ಥಾನದ ೧೬ನೆಯ ಅಧ್ಯಾಯವು ಪೂರ್ತಿಯಾಗಿ ಇದಕ್ಕೇ ಮೀಸಲಾಗಿದೆ. ಮಗುವಿನ ಕಿವಿಯನ್ನು ಚುಚ್ಚುವುದಕ್ಕೆ ಸುಶ್ರುತನು ಹೇಳುವ ಪ್ರಯೋಜನಗಳು ರಕ್ಷೆ, ಭೂಷಣ ಎಂಬ ಎರಡು ಮಾತ್ರವೇ. ಆರನೆಯ ಅಥವಾ ಏಳನೆಯ ತಿಂಗಳಿನಲ್ಲಿ, ಶುಕ್ಲಪಕ್ಷದ ಶುಭದಿನದಲ್ಲಿ, ಮಗುವನ್ನು ದಾದಿಯ ತೊಡೆಯ ಮೇಲೆ ಕುಳ್ಳಿರಿಸಿ, ಆಟದ ಸಾಮಾನುಗಳಿಂದ ಅದರ ಮನಸ್ಸನ್ನು ಸೆಳೆದು, ವೈದ್ಯನು ಎಡಗೈಯಿಂದ ಕಿವಿಯನ್ನು ಎಳೆದು ಹಿಡಿಯಬೇಕು. ಆಗ ಸೂರ್ಯನ ಬೆಳಕು ಹಾಲೆಯನ್ನು ಹಾದು ತೋರುವ ಒಂದು ತೆಳುಸ್ಥಳವುಂಟು. ಅದಕ್ಕೆ ‘ದೈವಕೃತ ಛಿದ್ರ’ವೆಂದು ಹೆಸರು. ಅಲ್ಲಿಯೇ, ಮೆಲ್ಲನೆ, ನೇರವಾಗಿ ಚುಚ್ಚಬೇಕು. ತೆಳುವಾದ ಹಾಲೆಗೆ ಸೂಜಿ. ದಪ್ಪವಾದುದಕ್ಕೆ ಆರೆಯೆಂಬ ದಬ್ಬಳ. ಗಂಡುಮಗುವಿಗೆ ಮೊದಲು ಬಲಗಿವಿ, ಹೆಣ್ಣುಮಗುವಿಗೆ ಎಡಗಿವಿ. ಅನಂತರ ಹತ್ತಿಯ ಬತ್ತಿಯನ್ನು ಸೇರಿಸಿ, ಎಣ್ಣೆಯನ್ನೆರೆದು, ಮೂರು ಮೂರು ದಿವಸಗಳಿಗೊಮ್ಮೆ ಬತ್ತಿಯನ್ನು ದಪ್ಪಮಾಡುತ್ತ ಹೋಗಬೇಕು.

ರಕ್ತವು ಅತಿಯಾಗಿ ಬಂದರೆ, ಅಥವಾ ನೋವು ಹೆಚ್ಚಾದರೆ, ಸ್ಥಾನವು ತಪ್ಪಿತೆಂದು ತಿಳಿಯತಕ್ಕದ್ದು. ಕಾಲಿಕಾ, ಮರ್ಮರಿಕಾ, ಲೋಹಿತಿಕಾ ಎಂಬ ಮೂರು ಸಿರೆಗಳನ್ನು ಅಜ್ಞನು ಚುಚ್ಚಿದರೆ ಉಂಟಾಗುವ ಉಪದ್ರವಗಳನ್ನು ಆತನು ಬೇರೆ ಬೇರೆಯಾಗಿ ಹೇಳುತ್ತಾನೆ. ಕಡೆಯದರ ವಿಷಯದಲ್ಲಿ ಕತ್ತಿನ ಸ್ತಂಭನವೂ ಅಪತಾನಕವೆಂಬ ಸೆಳೆತವೂ ಉಕ್ತವಾಗಿವೆ. ಓದುವವನಿಗೆ ಇಂದಿನ ವೈದ್ಯರು ಧನುರ್ವಾಯುವೆಂದು ಹೇಳುವ ವ್ಯಾಧಿಯು ನೆನಪಿಗೆ ಬಾರದಿರದು. ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಇದನ್ನು ಚಳಿಗಾಲದಲ್ಲಿ ಮಾಡಬೇಕೆಂದು ವಿಧಿಸಿದ್ದಾನೆ. ಇವರು ಮುಹೂರ್ತವನ್ನು ಹೇಳುವಾಗಲೂ ಗಾಯವನ್ನು ಮರೆತವರಲ್ಲ.

ಕಿವಿ ಚುಚ್ಚಿಸಿಕೊಂಡವರಿಗೆ ಅಂತ್ರವೃದ್ಧಿಯು ಬರುವುದಿಲ್ಲವೆಂದು ಸುಶ್ರುತನು ಹೇಳಿರುವನೆಂಬ ಮಾತು ಈಗ ಬಹಳವಾಗಿ ಹಬ್ಬಿದೆ. ಇದು ಎರಡು ಪ್ರಕರಣಗಳ ಕಲಬೆರಕೆಯಿಂದ ಆದ ಭ್ರಾಂತಿ. ಚಿಕಿತ್ಸಾಸ್ಥಾನದ ೧೯ನೆಯ ಅಧ್ಯಾಯದಲ್ಲಿ, ಆ ರೋಗವು ಬಂದ ಮೇಲೆ, ಕಿವಿಯ ಕೊನೆಯಲ್ಲಿ ಶಂಖದ ಮೇಲ್ಭಾಗದ ಸಿರೆಯನ್ನು ವ್ಯತ್ಯಾಸಕ್ರಮದಿಂದ, ಎಂದರೆ ರೋಗವಿರುವ ಪಕ್ಕಕ್ಕೆ ಎದುರುಪಕ್ಕದಲ್ಲಿ, ವೇಧಿಸಬೇಕೆಂದಿದೆ. ಅದು ಸಿರಾವೇಧ, ಓಲೆಯಿಡುವ ರಂಧ್ರವಲ್ಲ. ಪ್ರಮಾಣವನ್ನು ಹೇಳುವವರು ಅಧ್ಯಾಯವನ್ನೂ ಓದಬೇಕೆಂಬುದು ನನ್ನ ವಿಜ್ಞಾಪನೆ.

ಇದೇ ೧೬ನೆಯ ಅಧ್ಯಾಯದಲ್ಲಿ ಮತ್ತೊಂದು ಮಹತ್ತರವಾದ ವಿಷಯವು ಅಡಗಿದೆ. ಹೀಗೆ ಬೆಳೆಸಿದ ಕಿವಿಯ ಹಾಲೆಯು ದೋಷದಿಂದಲೋ ಪೆಟ್ಟಿನಿಂದಲೋ ಹರಿದು ಇಬ್ಬಾಗವಾಗುವುದುಂಟು. ಅಂತಹ ಕಿವಿಗಳನ್ನು ಮತ್ತೆ ಕೂಡಿಸುವುದಕ್ಕೆ ನೇಮಿಸಂಧಾನಕ, ಉತ್ಪಲಭೇದ್ಯಕ, ವಲ್ಲೂರಕ, ಕಪಾಟಸಂಧಿಕ ಮೊದಲಾದ ೧೫ ಬಂಧಗಳು ವಿವರಿಸಲ್ಪಟ್ಟಿವೆ. ಹಾಲೆಯೇ ಇಲ್ಲದವನಿಗೆ ಕೆನ್ನೆಯಿಂದ ಜೀವವಿರುವ ಮಾಂಸವನ್ನು, ಅದರ ಬುಡವನ್ನು ಕಡಿಯದೆ, ತಿರುಗಿಸಿ ತಂದು ಹಾಲೆಯನ್ನು ರಚಿಸುವ ಕ್ರಮವೂ ಅಲ್ಲಿದೆ. ಅಧ್ಯಾಯದ ಕೊನೆಯಲ್ಲಿ ಅದೇ ಉಪಾಯವು ಕತ್ತರಿಸಿಹೋದ ಮೂಗಿಗೂ ಹೇಳಲ್ಪಟ್ಟಿದೆ: ಮೂಗಿನ ಅಳತೆಯ ಒಂದು ಎಲೆಯನ್ನು ಕತ್ತರಿಸಿಕೊಂಡು, ಆ ಪ್ರಮಾಣಕ್ಕೆ ಕೆನ್ನೆಯ ಚರ್ಮವನ್ನು ಬಿಡಿಸಿ ಜೋಡಿಸಬೇಕು. ಭೂಷಣಕ್ಕಾಗಿ ಹರಿದ ಕಿವಿಗಳೇ ಶಸ್ತ್ರವೈದ್ಯನ ಕೈಯನ್ನು ಪಳಗಿಸಿದುವೆಂದರೆ ಅತಿಶಯೋಕ್ತಿಯಾಗದು.

ಈ ವಿದ್ಯೆಯು ಗ್ರಂಥದಲ್ಲಿಯೇ ಉಳಿದು ಸತ್ತುಹೋಗಲಿಲ್ಲವೆಂಬುದಕ್ಕೆ ನಮ್ಮ ದೇಶದ ಚರಿತ್ರೆಗೆ ಸಂಬಂಧಿಸಿದ ಒಂದು ನಿದರ್ಶನವುಂಟು. ೧೭೯೨ರಲ್ಲಿ ಕೊನೆಗೊಂಡ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನೊಡನೆ ಇದ್ದ ಕೌವಾಸಜಿಯೆಂಬ ಬಂಡಿಹೊಡೆಯುವವನು ಟಿಪ್ಪೂಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಆ ಮೇಲೆ ಪುಣೆಯ ಬಳಿ ಕುಂಬಾರಜಾತಿಯ ಒಬ್ಬ ಶಸ್ತ್ರವೈದ್ಯನು ಅವನ ಹಣೆಯ ಚರ್ಮವನ್ನು ತಿರುಗಿಸಿ ಹೊಸ ಮೂಗನ್ನು ಮಾಡಿಕೊಟ್ಟನು. ಈ ವೃತ್ತಾಂತವು ೧೭೯೪ರ ಅಕ್ಟೋಬರ್ ತಿಂಗಳಿನಲ್ಲಿ ಲಂಡನ್ ನಗರದ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಇದರಿಂದ ಪ್ರೇರಿತನಾದ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ೧೮೧೪ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಕ್ರಮದಿಂದ ಮೂಗನ್ನು ರಚಿಸಿ, ೧೮೧೬ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಸುಶ್ರುತನು ಹೇಳಿದುದು ಕೆನ್ನೆ. ಕುಂಬಾರನು ಬಳಸಿದುದು ಹಣೆ. ವಿದ್ಯೆಯು ಕೈಯಿಂದ ಕೈಗೆ ಬಂದಾಗ ಹೀಗೆ ತಿದ್ದಿಕೊಳ್ಳುತ್ತದೆ. ಆ ಕುಂಬಾರನು ಸುಶ್ರುತನನ್ನು ಓದಿದವನಾಗಿರಬೇಕೆಂದು ಊಹಿಸುವ ಅಗತ್ಯವಿಲ್ಲ.

ನಿಬಂಧಕಾರರ ಕಾಲಕ್ಕೆ ಬಂದರೆ ಕರ್ಣವೇಧವು ಬಿಗಿಯಾದ ವಿಧಿಯಾಗಿದೆ. ಕ್ಷತ್ರಿಯನಿಗೆ ಚಿನ್ನದ ಸೂಜಿ, ಬ್ರಾಹ್ಮಣವೈಶ್ಯರಿಗೆ ಬೆಳ್ಳಿಯದು, ಶೂದ್ರನಿಗೆ ಕಬ್ಬಿಣದ್ದು ಎಂಬ ವಿಭಾಗವು ಹುಟ್ಟಿಕೊಂಡಿತು. ಕಿವಿಯ ರಂಧ್ರದಲ್ಲಿ ಸೂರ್ಯಕಿರಣವು ಹಾಯದ ಬ್ರಾಹ್ಮಣನನ್ನು ನೋಡಿದರೆ ಪುಣ್ಯವು ನಾಶವಾಗುವುದೆಂಬ ವಚನವು ದೇವಲನ ಹೆಸರಿನಲ್ಲಿ ಉದ್ಧೃತವಾಗುತ್ತದೆ. ಸುಶ್ರುತನಲ್ಲಿ ಸೂರ್ಯನ ಬೆಳಕು ಚುಚ್ಚತಕ್ಕ ಸ್ಥಳವನ್ನು ಹುಡುಕುವುದಕ್ಕೆ ಸಾಧನವಾಗಿದ್ದಿತು. ದೇವಲನಲ್ಲಿ ಅದೇ ಬೆಳಕು ಪುಣ್ಯಪಾಪಗಳ ಅಳತೆಗೋಲಾಯಿತು. ವೈದ್ಯನ ಯುಕ್ತಿಯು ಧರ್ಮಶಾಸ್ತ್ರಿಯ ಕೈಗೆ ಬಂದು ಆಜ್ಞೆಯಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಕನ್ನಡದ ಶಬ್ದಗಳು ಈ ಚರಿತ್ರೆಯನ್ನು ಬೇರೊಂದು ರೀತಿಯಲ್ಲಿ ಕಾದಿಟ್ಟುಕೊಂಡಿವೆ. ‘ಓಲೆ’ಯೆಂದರೆ ತಾಳೆಯ ಗರಿ, ಗರಿಯನ್ನು ಸುರುಳಿಸುತ್ತಿ ಹಾಲೆಯ ರಂಧ್ರದಲ್ಲಿಡುತ್ತಿದ್ದ ಕಾಲದ ಹೆಸರು ಇಂದಿನ ವಜ್ರದ ಓಲೆಗೂ ಉಳಿದಿದೆ. ಅಮರಕೋಶದ ‘ತಾಲಪತ್ರ’ವು ಅದೇ ವಸ್ತುವಿನ ಸಂಸ್ಕೃತನಾಮ. ಕಿವಿಯ ಮೇಲಂಚಿನಲ್ಲಿಡುವ ಬುಗುಡಿ, ಗಂಡಸರು ಧರಿಸುತ್ತಿದ್ದ ಒಂಟಿ, ಕಡಕುಗಳು ನಮ್ಮ ಅಜ್ಜಂದಿರ ಕಾಲದವರೆಗೂ ಸಾಮಾನ್ಯವಾಗಿದ್ದುವು. ಆ ವಿದ್ಯಾರ್ಥಿಯ ಕಿವಿಯ ಮೇಲಂಚಿನ ಎರಡು ಕಡಕುಗಳು ಪರದೇಶದ್ದೆಂಬ ಆಕ್ಷೇಪವು ಇಲ್ಲಿಗೆ ಮುಗಿಯುತ್ತದೆ. ಆದರೆ ಸುಶ್ರುತನು ಹೇಳಿದ್ದು ಮೃದುವಾದ ಹಾಲೆಯನ್ನು, ಮೇಲಂಚಿನಲ್ಲಿರುವುದು ಮೃದ್ವಸ್ಥಿ. ಅದಕ್ಕೆ ತನ್ನದೇ ಆದ ರಕ್ತನಾಳಗಳಿಲ್ಲವಾದ್ದರಿಂದ ಅಲ್ಲಿನ ಗಾಯವು ತಡವಾಗಿ ಮಾಗುತ್ತದೆ, ಕೀತರೆ ಕಿವಿಯ ಆಕಾರವೇ ಕೆಡುತ್ತದೆ. ಇದನ್ನು ಆತನಿಗೆ ಹೇಳಿದೆನು.

ಆ ಮೃದ್ವಸ್ಥಿಯನ್ನೇ ಬೇಕೆಂದು ಸೀಳಿಸಿಕೊಳ್ಳುವವರು ನಾಥಪಂಥದ ಕಾನಫಟ ಯೋಗಿಗಳು. ಇವರಿಗೆ ದೀಕ್ಷಾಕಾಲದಲ್ಲಿ ಗುರುವು ಎರಡಲುಗಿನ ಕತ್ತಿಯಿಂದ ಕಿವಿಯ ನಡುಭಾಗವನ್ನು ಸೀಳಿ, ಗಾಯವು ಮಾದ ಮೇಲೆ ದೊಡ್ಡ ಕುಂಡಲಗಳನ್ನು ತೊಡಿಸುತ್ತಾನೆ. ಮಂಗಳೂರಿನ ಕದ್ರಿಯು ಇವರಿಗೆ ಮುಖ್ಯವಾದೊಂದು ಪೀಠ. ಅಲ್ಲಿಯ ದೇವಾಲಯದಲ್ಲಿ ಆಳುಪ ಕುಂದವರ್ಮನು ೯೬೮ರಲ್ಲಿ ಪ್ರತಿಷ್ಠಿಸಿದ ಲೋಕೇಶ್ವರನ ಕಂಚಿನ ಪ್ರತಿಮೆಯಿದೆ. ನಾಸಿಕದ ಕುಂಭಮೇಳವಾದ ಮೇಲೆ ಯೋಗಿಗಳು ಕಾಲ್ನಡೆಯಿಂದ ಬಂದು ೧೨ ವರ್ಷಗಳಿಗೊಮ್ಮೆ ಅಲ್ಲಿಯ ಮಠಕ್ಕೆ ಹೊಸ ಅಧಿಪತಿಯನ್ನು ಕೂಡಿಸುವ ಪದ್ಧತಿಯು ಈಗಲೂ ನಡೆಯುತ್ತಲಿದೆ.

ಇನ್ನು ಮೂಗು. ಇಲ್ಲಿ ಹುಡುಗನ ಪಕ್ಷವು ಬೀಳುತ್ತದೆ. ಅಮರಸಿಂಹನು ಮನುಷ್ಯವರ್ಗದಲ್ಲಿ ತಲೆಯಿಂದ ಕಾಲಿನವರೆಗೆ ಆಭರಣಗಳನ್ನು ಎಣಿಸುವಾಗ ಮೂಗಿಗೆ ಒಂದನ್ನೂ ಹೇಳಿಲ್ಲ. ಕಿವಿಗೊಂದು ಅಧ್ಯಾಯವನ್ನೇ ಕೊಟ್ಟ ಸುಶ್ರುತನು ಕತ್ತರಿಸಿದ ಮೂಗನ್ನು ಕಟ್ಟುವುದನ್ನು ಹೇಳಿ, ಮೂಗನ್ನು ಚುಚ್ಚುವುದನ್ನು ಹೇಳಲಿಲ್ಲ. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಗುಡಿಯ ಮದನಿಕೆಯರನ್ನು ನೋಡಿದರೆ ಈ ಅಭಾವವು ಎದ್ದು ಕಾಣುತ್ತದೆ: ಕಿವಿ, ಕೊರಳು, ತೋಳು, ನಡು, ಕಾಲು ಎಲ್ಲಿಯೂ ಬರಿದಾದ ಸ್ಥಳವಿಲ್ಲ, ಮೂಗು ಮಾತ್ರ ಬರಿದಾಗಿದೆ. ಬೆರಳಿನ ಉಂಗುರವನ್ನೂ ಬಿಡದೆ ಕೆತ್ತಿದ ಶಿಲ್ಪಿಗಳು ಮೂಗುತಿಯನ್ನು ಮರೆತರೆನ್ನಲಾದೀತೆ? ಪುಣೆಯ ಭಾಂಡಾರಕರ ಸಂಶೋಧನಮಂದಿರದ ಪರಶುರಾಮ ಕೃಷ್ಣ ಗೋಡೆಯವರು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಈ ವಿಷಯವನ್ನು ವಿಸ್ತಾರವಾಗಿ ಶೋಧಿಸಿ, ನತ್ತಿನ ಸಾಕ್ಷ್ಯವು ಸುಮಾರು ಕ್ರಿ.ಶ. ೧೦೦೦ದಿಂದ ಈಚಿನದೆಂದು ತೋರಿಸಿದರು.

ಸಂಸ್ಕೃತದಲ್ಲಿ ಮೂಗಿನ ರಂಧ್ರಕ್ಕೆ ಸಂಬಂಧಿಸಿದ ಪ್ರಾಚೀನ ಶಬ್ದವು ‘ನಸ್ಯೋತ’. ಅದು ಮೂಗುದಾರ ಹಾಕಿದ ಎತ್ತಿಗೆ ಹೇಳುವ ಮಾತು. ಮಹಾಭಾರತದಲ್ಲಿ ಪರಾಧೀನನಾದವನಿಗೆ ಇದು ಉಪಮಾನವಾಗಿ ಬರುತ್ತದೆ. ‘ನತ್ತು’ ಎಂಬುದೂ ಅದೇ ನಸ್-ಧಾತುಮೂಲದ ಶಬ್ದವರ್ಗದಿಂದ ಪ್ರಾಕೃತದ ದಾರಿಯಾಗಿ ಬಂದುದು. ಇದರಿಂದ ಕೆಲವರು ಸ್ತ್ರೀಯರ ಮೂಗುತಿಯೆಂದರೆ ಮೂಗುದಾರವೇ ಎಂದು ಸಿದ್ಧಾಂತಮಾಡಲು ಹೊರಡುತ್ತಾರೆ. ಶಬ್ದದ ಬಂಧುತ್ವವು ಉದ್ದೇಶದ ಬಂಧುತ್ವವನ್ನು ಸಾಧಿಸಲಾರದು. ಮೇಲಾಗಿ ಕನ್ನಡದ ‘ಮೂಗುತಿ’, ‘ಮೂಗುಬಟ್ಟು’ಗಳು ನಮ್ಮವೇ ಆದ ಮೂಗು ಶಬ್ದದಿಂದ ಆಗಿವೆ, ಅವುಗಳಿಗೆ ಎತ್ತಿನ ಸಂಬಂಧವಿಲ್ಲ. ಬುಲಾಕು ಉತ್ತರದ ಭಾಷೆಗಳಿಂದ ಬಂದ ಅತಿಥಿ. ಇಂದು ಮೂಗುತಿಯಿಲ್ಲದ ದೇವಿಯ ಅಲಂಕಾರವನ್ನು ನಾವು ಊಹಿಸಲಾರೆವು. ಸಾವಿರ ವರ್ಷಗಳ ಆಚಾರಕ್ಕೆ ಗೌರವವು ಸಾಲದೆ, ಅದಕ್ಕೆ ವೇದದ ಮುದ್ರೆಯನ್ನೂ ಒತ್ತಬೇಕೆಂಬ ಆತುರವು ಏತಕ್ಕೆ?

ಮುದ್ರೆಯೆಂದಾಗ ಹಚ್ಚೆಯ ಪ್ರಕರಣಕ್ಕೆ ಬರುತ್ತೇವೆ. ಚರ್ಮದ ಮೇಲೆ ಅಳಿಯದ ಗುರುತನ್ನು ಮಾಡುವುದಕ್ಕೆ ಶಾಸ್ತ್ರಗಳು ಬಲ್ಲ ಶಬ್ದವು ‘ಅಂಕನ’. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿ ಮಹಾಪಾತಕಿಗಳ ಹಣೆಯ ಮೇಲೆ ಒತ್ತತಕ್ಕ ಗುರುತುಗಳು ಹೇಳಲ್ಪಟ್ಟಿವೆ: ಸುರೆಯನ್ನು ಕುಡಿದವನಿಗೆ ಹೆಂಡದಂಗಡಿಯ ಬಾವುಟ, ಕಳ್ಳನಿಗೆ ನಾಯಿಯ ಹೆಜ್ಜೆ, ಬ್ರಹ್ಮಘ್ನನಿಗೆ ತಲೆಯಿಲ್ಲದ ಪುರುಷ. ಕೌಟಿಲ್ಯನಲ್ಲಿಯೂ ಇಂತಹುದೇ ಪಟ್ಟಿಯಿದೆ. ಇದಕ್ಕೆ ತೀರ ವಿರುದ್ಧವಾಗಿ ವೈಷ್ಣವರಲ್ಲಿ ತಪ್ತಮುದ್ರಾಧಾರಣವುಂಟು. ಆಷಾಢ ಶುದ್ಧ ಏಕಾದಶಿಯಂದು ಉಡುಪಿಯ ಮಠಗಳಲ್ಲಿ ಸುದರ್ಶನಹೋಮದ ಅಗ್ನಿಯಲ್ಲಿ ಕಾಯಿಸಿದ ಶಂಖಚಕ್ರಗಳನ್ನು ಯತಿಗಳು ಭಕ್ತರ ಮೈಮೇಲೆ ಒತ್ತುತ್ತಾರೆ. ಇದನ್ನು ಕುರಿತು ಖಂಡನಮಂಡನಗ್ರಂಥಗಳು ಹಲವಾಗಿವೆ. ಒಂದೇ ಅಂಕನವು ಒಂದೆಡೆ ಅಪಮಾನ, ಮತ್ತೊಂದೆಡೆ ಅನುಗ್ರಹ. ಆದರೆ ಇವೆರಡೂ ಬೆಂಕಿಯ ಕೆಲಸಗಳು. ಸೂಜಿಯಿಂದ ಬಣ್ಣವನ್ನು ಚರ್ಮದೊಳಕ್ಕೆ ಇಳಿಸುವ ಹಚ್ಚೆಯು ಇವುಗಳಲ್ಲಿ ಸೇರದು. ಹಿಂದಿಯ ‘ಗೋದನಾ’ ಶಬ್ದವನ್ನು ಗೃಹ್ಯಸೂತ್ರಗಳ ‘ಗೋದಾನ’ ಸಂಸ್ಕಾರದೊಡನೆ ಹೊಂದಿಸಿ ಹಚ್ಚೆಗೂ ವೈದಿಕತ್ವವನ್ನು ತರಬಹುದೆಂದು ಒಬ್ಬರು ನನ್ನೊಡನೆ ವಾದಿಸಿದರು. ಆ ಗೋದಾನವು ೧೬ನೆಯ ವರ್ಷದಲ್ಲಿ ಗಡ್ಡವನ್ನು ಮೊದಲು ಕ್ಷೌರಮಾಡಿಸುವ ಕರ್ಮ. ಧ್ವನಿಯು ಕೂಡಿತು, ಅರ್ಥವು ಕೂಡಲಿಲ್ಲ.

ಹಾಗಾದರೆ ಹಚ್ಚೆಯ ಪ್ರಾಚೀನತೆಗೆ ಆಧಾರವೇನು? ಶಬ್ದವೇ ಆಧಾರ. ತಮಿಳಿನಲ್ಲಿ ಹಚ್ಚೆಗೆ ‘ಪಚ್ಚೈ’ ಎಂದೂ, ತೆಲುಗಿನಲ್ಲಿ ‘ಪಚ್ಚಬೊಟ್ಟು’ ಎಂದೂ ಹೆಸರು. ಎರಡರಲ್ಲಿಯೂ ಹಸುರು ಎಂಬುದೇ ಮೂಲಾರ್ಥ. ಕನ್ನಡದಲ್ಲಿ ಪದಾದಿಯ ಪಕಾರವು ಕ್ರಿಸ್ತಶಕ ಹತ್ತನೆಯ ಶತಮಾನದಿಂದೀಚೆಗೆ ಕ್ರಮವಾಗಿ ಹಕಾರವಾದುದು ವಿದ್ವಾಂಸರಿಗೆ ತಿಳಿದೇ ಇದೆ: ಪಾಲು ಹಾಲಾಯಿತು, ಪೂ ಹೂವಾಯಿತು. ಹಾಗೆಯೇ ಪಚ್ಚೆಯು ಹಚ್ಚೆಯಾಯಿತು. ‘ಹಚ್ಚಹಸುರು’ ಎಂಬಲ್ಲಿಯೂ ಅದೇ ಹಕಾರವಿದೆ. ಹಚ್ಚೆಯನ್ನು ‘ಅಚ್ಚು’ ಶಬ್ದದಿಂದ ಸಾಧಿಸುವವರು ‘ಅಚ್ಚೆ’ಯೆಂಬ ಆಡುಮಾತಿನ ರೂಪವನ್ನು ತೋರಿಸುತ್ತಾರೆ. ಹಕಾರವು ಆಡುಮಾತಿನಲ್ಲಿ ಲೋಪಹೊಂದುವುದು ಸರ್ವಸಾಧಾರಣ. ನೆರೆಭಾಷೆಗಳ ಪಕಾರಕ್ಕೆ ಆ ಪಕ್ಷದಲ್ಲಿ ಸಮಾಧಾನವಿಲ್ಲ. ಈ ಮಾತನ್ನು ಊರೂರು ತಿರುಗುವ ಜನರು ಈಚೆಗೆ ತಮಿಳುನಾಡಿನಿಂದ ತಂದಿದ್ದರೆ ಅದು ನಮ್ಮಲ್ಲಿ ಪಕಾರದೊಡನೆಯೇ ನಿಲ್ಲಬೇಕಾಗಿದ್ದಿತು. ಹಕಾರವು ಬಂದಿರುವುದರಿಂದ, ಆ ಧ್ವನಿವ್ಯತ್ಯಾಸವು ನಡೆಯುವುದಕ್ಕೆ ಮೊದಲೇ ಶಬ್ದವು ಕನ್ನಡಿಗರ ಬಾಯಲ್ಲಿದ್ದಿತೆನ್ನುವುದು ಯುಕ್ತವಾಗಿದೆ. ಆ ಪಕ್ಷದಲ್ಲಿ ಯಾವ ಶಾಸ್ತ್ರವೂ ಬರೆದಿಡದ ಈ ಆಚಾರವು ಮೂಗುತಿಗಿಂತ ಈಚಿನದಾಗಿರಲಾರದು.

ಕಪ್ಪಾದ ಮಸಿಯಿಂದ ಮಾಡಿದುದಕ್ಕೆ ಹಸುರೆಂಬ ಹೆಸರು ಏಕೆ ಬಂದಿತೆಂದು ಸಂದೇಹವಾಗಬಹುದು. ಹಚ್ಚೆ ಹುಯ್ಯುವವರು ದೀಪದ ಕಾಡಿಗೆಯನ್ನು ಎಲೆಯ ರಸದಲ್ಲಿಯೋ ಎದೆಹಾಲಿನಲ್ಲಿಯೋ ಕಲಸಿ ಸೂಜಿಗಳ ಕಟ್ಟಿನಿಂದ ಚುಚ್ಚುತ್ತಿದ್ದರು. ಈ ಪಾಕದಲ್ಲಿ ಊರಿಂದೂರಿಗೆ ಭೇದವುಂಟು, ಕಾಡಿಗೆಯು ಮಾತ್ರ ತಪ್ಪದು. ಆ ಕಪ್ಪು ಚರ್ಮದ ಒಳಪದರದಲ್ಲಿ ನೆಲೆನಿಂತು, ಮೇಲಿನ ಪದರದಲ್ಲಿ ಬೆಳಕು ಚದರುವುದರಿಂದ ನೋಡುವವರಿಗೆ ನೀಲಿಬೆರಸಿದ ಹಸುರಾಗಿ ತೋರುತ್ತದೆ. ಹೆಸರಿಟ್ಟವರು ಮಸಿಯ ಕುಡಿಕೆಯನ್ನು ನೋಡಿ ಹೆಸರಿಡಲಿಲ್ಲ. ಗಾಯವು ಮಾದ ಮೇಲೆ ತೋಳನ್ನು ನೋಡಿ ಹೆಸರಿಟ್ಟರು. ಇಂಗ್ಲಿಷಿನ ‘ಟ್ಯಾಟೂ’ ಶಬ್ದವಾದರೋ ೧೭೬೯ರಲ್ಲಿ ಕುಕ್ ನಾವಿಕನ ಯಾತ್ರೆಯ ದೆಸೆಯಿಂದ ತಾಹಿತಿ ದ್ವೀಪದ ‘ತತಾವು’ ಎಂಬುದರಿಂದ ಬಂದುದು. ನಮ್ಮ ಹುಡುಗರು ಸ್ವಂತ ಹೆಸರನ್ನು ಬಿಟ್ಟು ಆ ಹೆಸರನ್ನು ಹೇಳುತ್ತಾರೆಂಬುದಷ್ಟೇ ಪರದೇಶದ ಅನುಕರಣ.

ಈ ವಿದ್ಯೆಯನ್ನು ನಮ್ಮ ನಾಡಿನಲ್ಲಿ ಬಹುಕಾಲ ನಡೆಯಿಸಿಕೊಂಡು ಬಂದವರು ಮುಖ್ಯವಾಗಿ ಕೊರವರ ಹೆಂಗಸರು. ಕಾವ್ಯನಾಟಕಗಳಲ್ಲಿ ಬರುವ ಕೊರವಂಜಿಯು ಕಣಿ ಹೇಳುತ್ತಾಳೆ. ಹಳ್ಳಿಯ ಜಗಲಿಗೆ ಬರುತ್ತಿದ್ದ ಕೊರವಂಜಿಯು ಚೇಳು, ತುಲಸಿಯ ಕಟ್ಟೆ, ಚುಕ್ಕಿಗಳ ಸಾಲು ಇವುಗಳನ್ನು ಹಾಡಿನ ಜೊತೆಗೆ ತೋಳಿನ ಮೇಲೆ ಇಳಿಸುತ್ತಿದ್ದಳು. ಚಿನ್ನವನ್ನು ಕಳ್ಳನು ಒಯ್ದಾನು, ಸತ್ತ ಮೇಲೆ ಮಕ್ಕಳು ತೆಗೆದುಕೊಂಡಾರು, ಹಚ್ಚೆಯು ಮಾತ್ರ ಜೊತೆಯಲ್ಲಿ ಬರುವುದೆಂದು ಹಳೆಯ ಹೆಂಗಸರು ಹೇಳುತ್ತಿದ್ದರು. ಒಂದೇ ಸೂಜಿಯಿಂದ ಕೇರಿಗೆಲ್ಲ ಚುಚ್ಚುತ್ತಿದ್ದುದರಿಂದ ರಕ್ತದ ಮೂಲಕ ಹರಡುವ ರೋಗಗಳಿಗೆ ಎಡೆಯಾಗುತ್ತಿದ್ದಿತೆಂಬುದೂ ಸತ್ಯವೇ. ಇಂದಿನ ಅಂಗಡಿಗಳಲ್ಲಿ ಪ್ರತಿಯೊಬ್ಬರಿಗೂ ಹೊಸ ಸೂಜಿಯನ್ನು ಕೇಳಿ ಪಡೆಯುವುದು ಮರ್ಯಾದೆಯ ವಿಷಯವಲ್ಲ, ಪ್ರಾಣದ ವಿಷಯ.

೧೮೭೧ರಲ್ಲಿ ಆಂಗ್ಲಸರಕಾರವು ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗಣಿಸುವ ಕಾಯಿದೆಯನ್ನು ತಂದಿತು. ೧೯೧೧ರಲ್ಲಿ ಅದು ಮದರಾಸು ಆಧಿಪತ್ಯವನ್ನೂ ಒಳಗೊಳ್ಳುವಂತೆ ವಿಸ್ತರಿಸಲ್ಪಟ್ಟು, ಅಲ್ಲಿ ಕೊರವರೂ ಅದಕ್ಕೆ ಗುರಿಯಾದರು. ೧೯೫೨ರಲ್ಲಿ ಸ್ವತಂತ್ರಭಾರತವು ಅದನ್ನು ರದ್ದುಮಾಡಿತು. ತಿರುಗಾಟವೇ ಜೀವನವಾಗಿದ್ದವರಿಗೆ ತಿರುಗಾಟವೇ ಅಪರಾಧವಾಯಿತು. ಪೋಲೀಸು ಠಾಣೆಗೆ ಹೆಸರು ಕೊಟ್ಟು ಹೋಗಬೇಕಾದವಳು ಹಾಡುತ್ತ ಊರೊಳಕ್ಕೆ ಹೇಗೆ ಬಂದಾಳು? ಮನುವು ಹಣೆಯ ಮೇಲೆ ಒತ್ತಿಸಿದುದನ್ನು ಈ ಕಾಯಿದೆಯು ಒಂದು ಕುಲದ ಹೆಸರಿನ ಮೇಲೆ ಒತ್ತಿತು.

ನನ್ನ ತಾಯಿಯ ಬಲಗೈಯಲ್ಲಿ ಒಂಬತ್ತು ಚುಕ್ಕಿಗಳ ಸುತ್ತ ಒಂದು ಬಳ್ಳಿಯಿದ್ದಿತು. ಆಕೆಯು ಬದುಕಿರುವವರೆಗೆ ನಾನು ಗೌತಮನ ೪೦ ಸಂಸ್ಕಾರಗಳನ್ನೂ ಸುಶ್ರುತನ ೧೫ ಬಂಧಗಳನ್ನೂ ಹೆಸರುಹಿಡಿದು ಹೇಳಬಲ್ಲವನಾಗಿದ್ದೆನು. ಆ ಬಳ್ಳಿಯ ಹೆಸರನ್ನು ಕೇಳಲಿಲ್ಲ. ಕೇಳತಕ್ಕ ವಿಷಯವೆಂದೇ 
ತೋರಿರಲಿಲ್ಲ. ವಿದ್ಯಾರ್ಥಿಗೂ ಅಧ್ಯಾಪಕರಿಗೂ ಮೇಲೆ ಹೇಳಿದ ಪ್ರಮಾಣಗಳನ್ನೆಲ್ಲ ತಿಳಿಸಿದ ಮೇಲೆ, ಹುಡುಗನು ತನ್ನ ಮುಂಗೈಯನ್ನು ಚಾಚಿದನು. ಅವನು ಹಾಕಿಸಿಕೊಂಡಿದ್ದುದು ಚೇಳು. ಅಂಗಡಿಯವನ ಪುಸ್ತಕದಲ್ಲಿ ನೋಡಿ ಆರಿಸಿದನಂತೆ. ಅವನ ಅಜ್ಜಿಯ ತೋಳಿನಲ್ಲಿಯೂ ಒಂದಿರುವುದೆಂದು ಮನೆಗೆ ಹೋದಮೇಲೆ ತಿಳಿಯಿತಂತೆ.

ಈ ಪತ್ರಿಕೆಯ ವಾಚಕರಲ್ಲಿ ಹಲವರು ಜಿಲ್ಲೆಗಳಲ್ಲಿ ಅಧ್ಯಾಪಕರಾಗಿರುವರು. ತಮ್ಮ ಊರಿನ ಮುದುಕಿಯರ ತೋಳುಗಳ ಮೇಲಿನ ರೂಪಗಳನ್ನು ಅವರ ಅನುಮತಿಯಿಂದ ಕಾಗದದ ಮೇಲೆ ಬಿಡಿಸಿಕೊಂಡು, ಪ್ರತಿಯೊಂದಕ್ಕೂ ಅವರು ಹೇಳುವ ಹೆಸರನ್ನು ಉಚ್ಚರಿಸಿದಂತೆಯೇ ಬರೆದು, ಅಲ್ಲಿ ಹಚ್ಚೆಯೆನ್ನುವರೋ, ಅಚ್ಚೆಯೆನ್ನುವರೋ, ಹಣಚಿಯೆನ್ನುವರೋ ಅದನ್ನೂ, ಹುಯ್ದವಳು ಯಾವ ಕಡೆಯಿಂದ ಬಂದವಳೆಂಬುದನ್ನೂ ಸೇರಿಸಿ ಕಳುಹಿಸಿಕೊಟ್ಟಲ್ಲಿ, ಅವನ್ನು ಪ್ರದೇಶಾನುಸಾರವಾಗಿ ಜೋಡಿಸಿ ಮುಂದಿನ ಸಂಚಿಕೆಯೊಂದರಲ್ಲಿ ಪ್ರಕಟಿಸುವ ಭಾರವನ್ನು ನಾನು ವಹಿಸುತ್ತೇನೆ. ಎಂಬತ್ತು ದಾಟಿದವರಿಂದ ಆರಂಭಿಸುವುದು ಒಳ್ಳೆಯದು.